ಗ್ರಾಂಟಿನ ದುಡ್ಡು ಯಾರ ಖಾತೆಗೆ?
ಸಂಶೋಧನೆಗೆ ದುಡ್ಡು ಕೊಡುವ ಕೇಂದ್ರದ ಸಂಸ್ಥೆ ಎಎನ್‌ಆರ್‌ಎಫ್‌ನ (ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ) ಗ್ರಾಂಟ್ ಸಿಕ್ಕರೆ ದುಡ್ಡು ನೇರ ನಮ್ಮ ಖಾತೆಗೇ ಬರುತ್ತಾ, ಅದಕ್ಕೆ ಅಂತ ಹೇಳಿರುವ 50,000 ಕೋಟಿ ರೂಪಾಯಿ ಪೂರ್ತಿ ಸರ್ಕಾರದ್ದಾ ಅಂತ ಕೇಳಿದ್ದೀರಿ. ನಿಮ್ಮ ಖಾತೆಗೆ ಬರಲ್ಲ, ಪೂರ್ತಿ ಸರ್ಕಾರದ್ದೂ ಅಲ್ಲ.

ದುಡ್ಡು ಹೋಗುವುದು ನಿಮ್ಮ ಸಂಸ್ಥೆಯ ಲೆಕ್ಕಕ್ಕೆ. ಪ್ರಾಜೆಕ್ಟ್ ನಿಮ್ಮದೇ ಆದರೂ ಖರ್ಚೆಲ್ಲ ಅಕೌಂಟ್ಸ್ ವಿಭಾಗದ ಮೂಲಕವೇ ಆಗಬೇಕು. ಉಪಕರಣ, ಕೆಮಿಕಲ್, ಪ್ರಾಜೆಕ್ಟಿನಲ್ಲಿ ಕೆಲಸ ಮಾಡುವ ಜೆಆರ್‌ಎಫ್ (ಕಿರಿಯ ಸಂಶೋಧಕ) ಹುಡುಗರ ಸ್ಟೈಪೆಂಡ್, ಓಡಾಟ, ಒಂದೊಂದಕ್ಕೂ ಬೇರೆ ಬಾಬ್ತು. ಉಪಕರಣದಲ್ಲಿ ಉಳಿದದ್ದನ್ನು ಸುಮ್ನೆ ಓಡಾಟಕ್ಕೆ ಹಾಕಿಕೊಳ್ಳೋಕೆ ಆಗಲ್ಲ. ಖರ್ಚಾದದ್ದಕ್ಕೆ ಯುಟಿಲೈಜೇಶನ್ ಸರ್ಟಿಫಿಕೇಟ್, ಅಂದರೆ ದುಡ್ಡು ಕೊಟ್ಟ ಉದ್ದೇಶಕ್ಕೇ ಬಳಸಿದ್ದೇವೆ ಅನ್ನುವ ಪತ್ರ, ಕಳಿಸಬೇಕು. ಅದು ತಡವಾದರೆ ಮುಂದಿನ ಕಂತೂ ತಡ. ಸ್ಟೈಪೆಂಡ್‌ಗೆ ಕಾಯುವ ಹುಡುಗರಿಗೇ ಇದರ ಬಿಸಿ ಜಾಸ್ತಿ ತಟ್ಟುತ್ತದೆ.

ಇನ್ನು 50,000 ಕೋಟಿ. ಅದು 2023ರಿಂದ 2028ರವರೆಗಿನ ಐದು ವರ್ಷದ ಅಂದಾಜು. ಕೇಂದ್ರ ಬಜೆಟ್ಟಿನ ಪಾಲು 14,000 ಕೋಟಿ. ಉಳಿದ 36,000 ಕೋಟಿ ಮುಖ್ಯವಾಗಿ ಕಂಪನಿಗಳು, ದಾನಿಗಳು ಇಂಥ ಕಡೆಯಿಂದ ಬರಬೇಕು. ಕಂಪನಿಯವರು ನಾಳೆ ಮಾರಬಹುದಾದ್ದಕ್ಕೆ ದುಡ್ಡು ಹಾಕುತ್ತಾರೆ, ಸಂಖ್ಯಾ ಸಿದ್ಧಾಂತದಂಥ ಶುದ್ಧ ಗಣಿತಕ್ಕೆ ಹಾಕ್ತಾರಾ? ನನಗಂತೂ ಅನುಮಾನ.

ಅಂದಹಾಗೆ, ಗಣಿತದವರಿಗೆ ಉಪಕರಣದ ಖರ್ಚು ಅಷ್ಟಾಗಿ ಇರಲ್ಲ ಅಲ್ವಾ? ಅದಕ್ಕೇ ಎಎನ್‌ಆರ್‌ಎಫ್‌ಗೂ ಮುಂಚೆ ಗ್ರಾಂಟ್ ಕೊಡುತ್ತಿದ್ದ ಎಸ್‌ಇಆರ್‌ಬಿ ಮಂಡಳಿಯ ಕಾಲದಲ್ಲಿ ಗಣಿತದವರಿಗೆ ಮ್ಯಾಟ್ರಿಕ್ಸ್ ಅಂತ ಯೋಜನೆ ಮಾಡಿದ್ದರು. ಆಗ ವರ್ಷಕ್ಕೆ 2 ಲಕ್ಷ, ಮೂರು ವರ್ಷ ಕೊಡುತ್ತಿದ್ದರು. ಅರ್ಜಿ ಹಾಕುವ ಮುಂಚೆ ಆ ಬಗೆಯದ್ದು ಈಗ ಕರೆದಿದ್ದಾರಾ ನೋಡಿಕೊಳ್ಳಿ.