ಕೊನೆಯ ಕಂತು ನೋಡಲು ಮನಸ್ಸಾಗದವರಿಗೆ

ಪತ್ರ: ದಿನಾ ರಾತ್ರಿ ಊಟದ ಹೊತ್ತಿಗೆ ಮನೆಮಂದಿಯೆಲ್ಲ ಕೂತು ಆರು ಗೆಳೆಯರ ಅಮೆರಿಕನ್ ಹಾಸ್ಯ ಧಾರಾವಾಹಿ ‘ಫ್ರೆಂಡ್ಸ್’ ನೋಡುತ್ತಾ ಬಂದೆವು. 236 ಕಂತುಗಳಲ್ಲಿ ಎರಡೇ ಉಳಿದಿವೆ. ಹದಿನೈದು ದಿನದಿಂದ ಯಾರೂ ರಿಮೋಟ್ ಮುಟ್ಟಿಲ್ಲ. ಹೇಗೆ ಮುಗಿಸುವುದು?
— ಓದುಗರು, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ: ಮುಗಿಸಿ. ಆದರೆ ಇವತ್ತೊಂದು, ನಾಳೆಯೊಂದು ಎಂದು ಒಡೆಯಬೇಡಿ. ಆ ಎರಡೂ ಒಂದೇ ಕಥೆ; 2004ರ ಮೇ 6ರಂದು ಅಮೆರಿಕದಲ್ಲಿ ಒಟ್ಟಿಗೇ ಪ್ರಸಾರವಾದವು.

ಅದಕ್ಕೂ ಮುಂಚೆ, ಶನಿವಾರ ಸಂಜೆ, ನಾಲ್ಕು ಹಳೆಯ ಕಂತು ನೋಡಿ. ಒಂದೊಂದೂ ಸುಮಾರು 22 ನಿಮಿಷ, ಒಟ್ಟು ಒಂದೂವರೆ ಗಂಟೆ. ರೇಚಲ್ ಮದುವಣಗಿತ್ತಿಯ ಉಡುಪಿನಲ್ಲೇ ಕಾಫಿ ಅಂಗಡಿಗೆ ನುಗ್ಗುವ ಮೊದಲನೆಯದು. ಜೋಯಿ, ಚಾಂಡ್ಲರ್ ಮನೆಯ ಊಟದ ಮೇಜು ಮುರಿದು ಅದರ ಜಾಗಕ್ಕೆ ಫೂಸ್‌ಬಾಲ್ (ಕೋಲು ತಿರುಗಿಸಿ ಆಡುವ ಪುಟ್ಟ ಫುಟ್‌ಬಾಲ್) ಮೇಜು ಬರುವ ಒಂದನೇ ಸೀಸನ್ನಿನ 12ನೆಯದು. ಕೋಳಿಮರಿ, ಬಾತುಕೋಳಿ ಮನೆ ಸೇರುವ ಮೂರನೇ ಸೀಸನ್ನಿನ 21. ಮೋನಿಕಾ, ರೇಚಲ್ ಪಂದ್ಯ ಸೋತು ಮನೆಯನ್ನೇ ಬಿಟ್ಟುಕೊಡುವ ನಾಲ್ಕನೆಯದರ 12. ಕೊನೆಯ ಕಂತಿನ ಅಳುವೆಲ್ಲ ಈ ಹಳೆಯ ಸಾಮಾನುಗಳಲ್ಲೇ ಇದೆ. ಫೂಸ್‌ಬಾಲ್ ಮೇಜಿನೊಳಗೆ ಮರಿಗಳು ಸಿಕ್ಕಿಕೊಳ್ಳುತ್ತವೆ, ಮೇಜು ಒಡೆಯಲೇಬೇಕು, ಜೋಯಿಗೂ ಚಾಂಡ್ಲರ್‌ಗೂ ಕೈ ಬರುವುದಿಲ್ಲ. ಆ ಮೇಜು ಬಂದ ದಿನ ನೆನಪಿಲ್ಲದವರಿಗೆ ಅಲ್ಲಿ ಬರೀ ಮುರಿದ ಮರ ಕಾಣುತ್ತದೆ.

ಆಮೇಲೆ ಬೀಗದ ಕೈಗಳು. ಮನೆ ಖಾಲಿ ಮಾಡುವ ಹೊತ್ತಿಗೆ ಆರೂ ಜನ ಒಬ್ಬೊಬ್ಬರಾಗಿ ಮೋನಿಕಾಳ ಅಡುಗೆಕಟ್ಟೆಯ ಮೇಲೆ ತಮ್ಮ ತಮ್ಮ ಕೀ ಇಡುತ್ತಾರೆ. ಯಾರೂ ಭಾಷಣ ಮಾಡುವುದಿಲ್ಲ; ಆರು ಜನರ ಬಳಿಯೂ ಆ ಮನೆಯ ಕೀ ಇತ್ತು ಎನ್ನುವುದೇ ಸಾಕು. ಕಾಫಿ ಕುಡಿಯೋಣವೇ ಎಂದು ರೇಚಲ್ ಕೇಳುತ್ತಾಳೆ. ಸರಿ, ಎಲ್ಲಿ? ಎನ್ನುತ್ತಾನೆ ಚಾಂಡ್ಲರ್. ಹತ್ತು ವರ್ಷ ಒಂದೇ ಅಂಗಡಿಯಲ್ಲಿ ಕೂತವನ ಪ್ರಶ್ನೆ ಅದು! ಇಡೀ ಧಾರಾವಾಹಿಯ ಕೊನೆಯ ಮಾತೂ ಅದೇ. ಆ ಮಾತಾಡಿದ ಮ್ಯಾಥ್ಯೂ ಪೆರ್ರಿ 2023ರ ಅಕ್ಟೋಬರ್ 28ರಂದು ತೀರಿಕೊಂಡರು. ಈಗ ಅದನ್ನು ಕೇಳುವಾಗ ಎದೆ ಭಾರವಾಗುವುದು ಸಹಜ, ತಡೆದುಕೊಳ್ಳಬೇಕಾಗಿಲ್ಲ.

ಮಾತು ಮುಗಿದ ಮೇಲೂ ಕಣ್ಣು ತೆಗೆಯಬೇಡಿ. ಕ್ಯಾಮೆರಾ ನೇರಳೆ ಗೋಡೆಗಳ ಖಾಲಿ ಮನೆಯನ್ನೆಲ್ಲ ಸುತ್ತಿ ಬಾಗಿಲ ಮೇಲಿನ ಹಳದಿ ಚೌಕಟ್ಟಿನ ಹತ್ತಿರ ನಿಲ್ಲುತ್ತದೆ. ಇಲ್ಲೇ ಬಹಳ ಮನೆಗಳಲ್ಲಿ ಎಡವಟ್ಟಾಗುವುದು: ಕಂತು ಮುಗಿಯಿತು ಎಂದು ಆಪ್ ಚಿತ್ರವನ್ನು ಮೂಲೆಗೆ ಕುಗ್ಗಿಸಿ ಬೇರೇನೋ ಟ್ರೇಲರ್ ಶುರುಮಾಡಿಬಿಡುತ್ತದೆ. ಪ್ರೊಫೈಲ್ ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಹಿಂದಿನ ದಿನವೇ ತೆಗೆದುಹಾಕಿ. ಟಿವಿಯಲ್ಲಿ ಬದಲಾಗದಿದ್ದರೆ ಬೇರೆ ಪ್ರೊಫೈಲಿಗೆ ಹೋಗಿ ವಾಪಸ್ ಬನ್ನಿ. 2021ರ ಪುನರ್ಮಿಲನ ಕಾರ್ಯಕ್ರಮವನ್ನು ಅದೇ ರಾತ್ರಿ ಹಾಕಬೇಡಿ. ಅದು ಕಂತಲ್ಲ, ನಟರ ಮಾತುಕತೆ. ಪಾತ್ರಗಳನ್ನು ಕಳಿಸಿಕೊಟ್ಟ ಕೈಯಲ್ಲೇ ನಟರನ್ನು ಕರೆದಂತಾಗುತ್ತದೆ. ಒಂದು ವಾರ ಬಿಡಿ.

ಖಾರ ಮಂಡಕ್ಕಿ, ಮೆಣಸಿನಕಾಯಿ ಶನಿವಾರಕ್ಕಿರಲಿ. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ ತಿನ್ನುವಾಗಲೇ ಬೆರೆಸಿ, ಮೊದಲೇ ಕಲಸಿಟ್ಟರೆ ನೀರು ಬಿಟ್ಟು ಮೆತ್ತಗಾಗುತ್ತದೆ. ಕೊನೆಯ ಎರಡನ್ನು ನೋಡುವ ಭಾನುವಾರಕ್ಕೆ ಕಾಫಿ ಸಾಕು. ಕೊನೆಯ ಕಂತು ಶುರುವಾಗುವ ಮುಂಚೆ ಫಿಲ್ಟರ್‌ಗೆ ಬಿಸಿನೀರು ಹಾಕಿಡಿ. ಚಾಂಡ್ಲರ್ ಎಲ್ಲಿ ಎಂದು ಕೇಳುವ ಹೊತ್ತಿಗೆ ಡಿಕಾಕ್ಷನ್ ಇಳಿದಿರುತ್ತದೆ.