ರೋಗ ಖಚಿತವಾದ ಮೇಲೆ ಪೆಟ್-ಸಿಟಿ ಏಕೆ?

ಪ್ರಶ್ನೆ: 58 ವರ್ಷದ ನನ್ನ ತಾಯಿಯ ಸ್ತನದಲ್ಲಿ ಆರು ಸೆಂಟಿಮೀಟರಿನ ಗಂಟಿದ್ದು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾಗಿದೆ. ಕಂಕುಳಿನಲ್ಲೂ ಗಂಟು ಕೈಗೆ ಸಿಗುತ್ತದೆ. ಈಗ ವೈದ್ಯರು ಪೆಟ್-ಸಿಟಿ ಎಂಬ ಸ್ಕ್ಯಾನ್ ಮಾಡಿಸಲು ಹೇಳಿದ್ದಾರೆ, ಅದೇಕೆ? 34 ವರ್ಷದ ನಾನೂ ಮುಂಜಾಗ್ರತೆಗಾಗಿ ಅದನ್ನು ಮಾಡಿಸಿಕೊಳ್ಳಬಹುದೇ?

ಉತ್ತರ: ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಬಯಾಪ್ಸಿ ತೀರ್ಮಾನಿಸಿದೆ, ಅದು ಎಲ್ಲಿಯವರೆಗೆ ಹರಡಿದೆ ಎಂದು ತಿಳಿಯಲು ಪೆಟ್-ಸಿಟಿ ಬೇಕು. ಗಂಟು ಇಷ್ಟು ದೊಡ್ಡದಾಗಿ ಕಂಕುಳನ್ನೂ ತಲುಪಿರುವಾಗ, ಮೂಳೆ, ಯಕೃತ್ತು, ಶ್ವಾಸಕೋಶಗಳನ್ನು ಪರಿಶೀಲಿಸದೆ ಶಸ್ತ್ರಚಿಕಿತ್ಸೆ ಮೊದಲೋ ಔಷಧ ಮೊದಲೋ ಎಂದು ನಿರ್ಧರಿಸುವುದು ಸರಿಯಲ್ಲ. ನಿಮ್ಮ ವೈದ್ಯರ ಸಲಹೆ ಯೋಗ್ಯವಾಗಿದೆ.

ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಗ್ಲೂಕೋಸನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ವಿಕಿರಣಶೀಲ ಫ್ಲೋರಿನ್-18 ಸೇರಿಸಿ ತಯಾರಿಸಿದ ಎಫ್‌ಡಿಜಿ ಎಂಬ ವಸ್ತು ಗ್ಲೂಕೋಸನ್ನು ಹೋಲುವುದರಿಂದ, ರಕ್ತನಾಳಕ್ಕೆ ಚುಚ್ಚಿದಾಗ ಕೋಶವು ಅದನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಆದರೆ ಗ್ಲೂಕೋಸಿನಂತೆ ಪೂರ್ತಿ ಬಳಸಿಕೊಳ್ಳಲಾರದೆ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ಸುಮಾರು ಒಂದು ಗಂಟೆಯ ನಂತರ ಪೆಟ್ ಚಿತ್ರದಲ್ಲಿ ಅಂಥ ಜಾಗಗಳು ಹೊಳೆಯುತ್ತವೆ. ಜೊತೆಯಲ್ಲೇ ತೆಗೆದ ಸಿಟಿ ಚಿತ್ರವು ಆ ಹೊಳಪು ಯಾವ ಅಂಗದಲ್ಲಿದೆ ಎಂದು ತೋರಿಸುತ್ತದೆ.

ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ ಎಂಬುದನ್ನು ಮಾತ್ರ ದಯವಿಟ್ಟು ನೆನಪಿಡಿ. ಸೋಂಕು, ಉರಿಯೂತ ಇರುವಲ್ಲಿಯೂ ಹೊಳಪು ಕಾಣುತ್ತದೆ. ಆದ್ದರಿಂದ ದೂರದ ಅಂಗದಲ್ಲಿ ಒಂದೇ ಕಲೆ ಕಂಡರೆ, ಸಾಧ್ಯವಿದ್ದಲ್ಲಿ ಅದರ ಬಯಾಪ್ಸಿಯೂ ಆಗಬೇಕು.

ನಿಮ್ಮ ವಿಷಯದಲ್ಲಿ ನನ್ನ ಉತ್ತರ, ಬೇಡ. ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಂಟುಗಳು, ಲೋಬ್ಯುಲಾರ್ ಎಂಬ ಬಗೆಯ ಸ್ತನ ಕ್ಯಾನ್ಸರುಗಳು ಪೆಟ್-ಸಿಟಿಯ ಕಣ್ಣಿಗೆ ಬೀಳದೆ ಹೋಗಬಹುದು. ಮುಂಜಾಗ್ರತೆಯಲ್ಲಿ ನಾವು ಹುಡುಕುವುದು ಆ ಚಿಕ್ಕ ಗಂಟುಗಳನ್ನೇ ಅಲ್ಲವೇ? ಸಹಜವೆಂದು ಬಂದ ವರದಿ ಸುಳ್ಳು ನೆಮ್ಮದಿ ಕೊಟ್ಟೀತು, ಅನಗತ್ಯ ವಿಕಿರಣವೂ ದೇಹಕ್ಕೆ ತಗಲುತ್ತದೆ. ಬದಲಿಗೆ, ತಾಯಿಯವರ ಕಾಯಿಲೆಯ ವಿಷಯವನ್ನು, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಯಾವಾಗ ಆರಂಭಿಸಬೇಕು, ಎಂಆರ್‌ಐ ಅಥವಾ ವಂಶವಾಹಿ ಪರೀಕ್ಷೆ ಬೇಕೇ ಎಂಬುದನ್ನು ಅವರು ಅದರ ಮೇಲೆ ನಿರ್ಧರಿಸುತ್ತಾರೆ.

ತಾಯಿಯವರು ಪರೀಕ್ಷೆಗೆ ಮುನ್ನ ನಾಲ್ಕರಿಂದ ಆರು ಗಂಟೆ ಏನನ್ನೂ ತಿನ್ನಬಾರದು, ನೀರು ಕುಡಿಯಬಹುದು. ಮಧುಮೇಹವಿದ್ದರೆ ಮೊದಲೇ ಹೇಳಿ, ಏಕೆಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಚಿತ್ರ ಮಂಕಾಗುತ್ತದೆ. ಫ್ಲೋರಿನ್-18ರ ವಿಕಿರಣ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ; ಆ ದಿನ ಕೆಲವು ಗಂಟೆ ಗರ್ಭಿಣಿಯರನ್ನೂ ಪುಟ್ಟ ಮಕ್ಕಳನ್ನೂ ಅವರ ಹತ್ತಿರ ಕೂರಿಸಬೇಡಿ.