ಬೆಕ್ಕು ಸತ್ತು ಹತ್ತು ವರ್ಷವಾಯಿತು, ಈಗ ಈ ರೋಗ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು. ಅಣ್ಣನಿಗೆ ಎಚ್‌ಐವಿ ಇದೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತಗೊಂಡು ಆರಾಮಿದ್ದ. ಬೆಂಗಳೂರಿಗೆ ಗುಳೆ ಹೋದಾಗ ಎಂಟು ತಿಂಗಳು ಮಾತ್ರೆ ತಪ್ಪಿದವು. ಈಗ ಫಿಟ್ಸ್ ಬಂದು ಎಡಗೈ ಸ್ವಾಧೀನ ಹೋಗಿದೆ. ಸ್ಕ್ಯಾನ್ ನೋಡಿದ ಡಾಕ್ಟರು, ಮೆದುಳಿನಲ್ಲಿ ಟಾಕ್ಸೊಪ್ಲಾಸ್ಮಾ, ಅದು ಬೆಕ್ಕಿನಿಂದ ಬರುತ್ತದೆ ಎಂದರು. ನಮ್ಮ ಬೆಕ್ಕು ಸತ್ತು ಹತ್ತು ವರ್ಷವಾಯಿತು. ಅವ್ವ ಅವನ ಗಂಗಾಳ ಬೇರೆ ಇಟ್ಟಿದ್ದಾಳೆ. ನಮಗೂ ಅಂಟುತ್ತದೆಯೇ?

ಉತ್ತರ: ಗಂಗಾಳ ಬೇರೆ ಇಡುವುದು ಬೇಡವೆಂದು ಅವ್ವನಿಗೆ ಇವತ್ತೇ ಹೇಳಿ. ಜೊತೆಗೆ ಕೂತು ಉಂಡರೆ, ಬಟ್ಟೆ ಒಗೆದರೆ, ಮೈ ಮುಟ್ಟಿ ಆರೈಕೆ ಮಾಡಿದರೆ ಎಚ್‌ಐವಿಯೂ ಅಂಟುವುದಿಲ್ಲ, ಇದೂ ಅಂಟುವುದಿಲ್ಲ.

ಈ ಪರಾವಲಂಬಿ ಜೀವಿ ಈಗ ಹೊಸದಾಗಿ ಬಂದದ್ದಲ್ಲ, ಬಹುಶಃ ಎಷ್ಟೋ ವರ್ಷ ಹಿಂದೆಯೇ ಮೈಸೇರಿದೆ. ಬೆಕ್ಕಿನ ಮಲ ಬೆರೆತ ಮಣ್ಣು, ನೀರು, ತೊಳೆಯದ ಸೊಪ್ಪು, ಅರೆಬೆಂದ ಮಾಂಸ ಇದರ ದಾರಿಗಳು. ಗಟ್ಟಿಮುಟ್ಟಾದವರಿಗೆ ಆಗ ಸಣ್ಣ ಜ್ವರ ಬಂದೀತು, ಕುತ್ತಿಗೆಯಲ್ಲಿ ಗಂಟು ಕಂಡೀತು. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ರೋಗನಿರೋಧಕ ಶಕ್ತಿಯ ಏಟು ಬಿದ್ದೊಡನೆ ಅದು ವೇಗವಾಗಿ ಬೆಳೆಯುವ ರೂಪ ಬಿಟ್ಟು ನಿಧಾನದ ರೂಪ ತಾಳುತ್ತದೆ. ಸುತ್ತ ಗೋಡೆ ಕಟ್ಟಿಕೊಂಡು ಮೆದುಳು, ಸ್ನಾಯುಗಳಲ್ಲಿ ಚೀಲದಂತೆ ಕೂರುತ್ತದೆ.

ನಮ್ಮ ಎರೆಹೊಲದ ಜೇಕು ನಿಮಗೆ ಗೊತ್ತಲ್ಲ. ಮೇಲಿನ ಎಲೆ ಎಷ್ಟು ಕಿತ್ತರೂ ಗಡ್ಡೆ ಮಣ್ಣೊಳಗೆ ಉಳಿಯುತ್ತದೆ. ಇದೂ ಹಾಗೆಯೇ. ಆ ಚೀಲಗಳು ಆಗಾಗ ಒಡೆಯುತ್ತವೆ. ಆದರೆ ರಕ್ತದ ಕಾವಲುಗಾರರಾದ ಟಿ ಕೋಶಗಳೂ ಅವು ಸುರಿಸುವ ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕವೂ ಹೊರಬಂದ ಜೀವಿಗಳನ್ನು ಮೊಳಕೆಯಲ್ಲೇ ಹೊಸಕುತ್ತವೆ. ಎಚ್‌ಐವಿ ತಿನ್ನುವುದು ಇದೇ ಕಾವಲನ್ನು. ಮಾತ್ರೆ ನಿಂತು ಸಿಡಿ4, ಅಂದರೆ ಎಚ್‌ಐವಿ ತಿನ್ನುವ ಆ ಟಿ ಕೋಶಗಳ ಎಣಿಕೆ, 100ಕ್ಕಿಂತ ಕೆಳಗಿಳಿದರೆ ಹೊಸಕುವವರೇ ಇರುವುದಿಲ್ಲ. ಜೀವಿ ಮತ್ತೆ ವೇಗದ ರೂಪಕ್ಕೆ ತಿರುಗಿ ಸುತ್ತಲಿನ ಮೆದುಳನ್ನು ಹಾಳುಮಾಡುತ್ತದೆ. ಬಾವು ಬಲಮೆದುಳಿನಲ್ಲಿದ್ದರೆ ಸೋಲುವುದು ಎಡಗೈ.

ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸವನ್ನೂ ಮಾಡುತ್ತದೆ. ಪೂರ್ಣ ಪ್ರಮಾಣದ ಔಷಧ ಕನಿಷ್ಠ 6 ವಾರ ಬೇಕು. ಎರಡು ವಾರದಲ್ಲಿ ಚೇತರಿಕೆ ಕಾಣದಿದ್ದರೆ ಡಾಕ್ಟರು ಬೇರೆ ಕಾರಣ ಹುಡುಕುತ್ತಾರೆ. ಮೆದುಳಿನ ಕ್ಷಯವೂ ಸ್ಕ್ಯಾನಿನಲ್ಲಿ ಹೀಗೆಯೇ ಕಾಣಬಹುದು. ಕೈ ಆಡತೊಡಗಿತೆಂದು ಮಾತ್ರೆ ಬಿಡಿಸಬೇಡಿ, ಕೈಮುಗಿದು ಕೇಳುತ್ತೇನೆ. ಈ ಔಷಧಗಳು ಕೊಲ್ಲುವುದು ಬೆಳೆಯುತ್ತಿರುವ ಜೀವಿಯನ್ನು ಮಾತ್ರ, ಜೇಕಿನ ಗಡ್ಡೆಯಂತೆ ಕೂತ ಚೀಲವನ್ನಲ್ಲ. ಆದ್ದರಿಂದಲೇ ಆಮೇಲೂ ಕಡಿಮೆ ಪ್ರಮಾಣದಲ್ಲಿ ದಿನಾ ನುಂಗಬೇಕು, ಸಿಡಿ4 200 ದಾಟಿ ಕೆಲವು ತಿಂಗಳು ಅಲ್ಲೇ ನಿಲ್ಲುವವರೆಗೆ. ಎಆರ್‌ಟಿಯನ್ನು ಸಾಮಾನ್ಯವಾಗಿ ಎರಡು ಮೂರು ವಾರದೊಳಗೆ ಮತ್ತೆ ಶುರುಮಾಡುತ್ತಾರೆ. ಅದು ಜೀವನಪೂರ್ತಿ.

ಮುಂದೆ ಅಣ್ಣ ಮತ್ತೆ ದುಡಿಯಲು ಹೋಗಬೇಕಾದೀತು. ಹೊರಡುವ ಮೊದಲು ಎಆರ್‌ಟಿ ಕೇಂದ್ರದಲ್ಲಿ ತಿಳಿಸಲಿ. ಹೋಗುವ ಊರಿನ ಕೇಂದ್ರಕ್ಕೆ ವರ್ಗ ಮಾಡಿಕೊಡುತ್ತಾರೆ, ಅಲ್ಲೂ ಮಾತ್ರೆಗೆ ದುಡ್ಡಿಲ್ಲ.